ಮೂವರ ಮೇಳ: ಬಡ್ಡಿ ಹಾಲಿಯ ರಾಕ್ ಸಂಗೀತ

ನಾಡಿನ ಮೂಲಸಂಗೀತವೂ ಜನಪ್ರಿಯ ಗೀತೆಯ ಇಂಪೂ ಒಂದೇ ಮೇಳದಲ್ಲಿ ಕೂಡುವ ಬಗೆಗೆ ಅಮೆರಿಕದ ಬಡ್ಡಿ ಹಾಲಿ ಮತ್ತು ಅವನ ‘ಕ್ರಿಕೆಟ್ಸ್’ ಮೇಳ ಉತ್ತಮ ನಿದರ್ಶನ. ‘ಪವರ್ ಪಾಪ್’ ಎಂಬ ಮಾತನ್ನು ಪೀಟ್ ಟೌನ್‌ಶೆಂಡ್ ಬಳಸಿದುದು 1967ರಲ್ಲಿ; ಅದರ ಬೀಜವನ್ನು ನಾವು ಹತ್ತು ವರ್ಷ ಹಿಂದಿನ ಈ ಟೆಕ್ಸಾಸ್ ಮೇಳದಲ್ಲಿಯೇ ಕಾಣುತ್ತೇವೆ.

ಹಾಲಿ ‘ಕಂಟ್ರಿ’ ಎಂಬ ಗ್ರಾಮೀಣ ಗೀತಪದ್ಧತಿಯಲ್ಲಿ ಬೆಳೆದವನು. ಆಫ್ರಿಕನ್ ಅಮೆರಿಕನ್ನರ ‘ರಿದಮ್ ಅಂಡ್ ಬ್ಲೂಸ್’ನಿಂದ ಲಯದ ಬಲವನ್ನು ಪಡೆದವನು. 1957ರ ‘ನಾಟ್ ಫೇಡ್ ಅವೇ’ ಗೀತೆಯಲ್ಲಿ ಬೋ ಡಿಡ್ಲಿಯ ಲಯವಿದೆ. ಅದನ್ನು ಜೆರಿ ಆಲಿಸನ್ ರಟ್ಟಿನ ಪೆಟ್ಟಿಗೆಯ ಮೇಲೆ ಬಾರಿಸಿದನು. ‘ಎವೆರಿಡೇ’ಯಲ್ಲಿ ಅವನ ತೊಡೆಯೇ ತಾಳವಾದ್ಯವಾಯಿತು.

ಅದೇ ವರ್ಷ ‘ಪೆಗಿ ಸೂ’ ಗೀತೆಯ ಮುದ್ರಣದಲ್ಲಿ ಎರಡನೆಯ ಗಿಟಾರ್ ವಾದಕ ನಿಕಿ ಸುಲಿವನ್ ವಾದ್ಯ ನುಡಿಸಲಿಲ್ಲ. ಹಾಲಿಯ ಕೈಗೆ ಬಿಡುವಿಲ್ಲದುದರಿಂದ ಅವನ ಗಿಟಾರಿನ ಸ್ವಿಚ್ಚನ್ನು ತಿರುಗಿಸಿದನು. ಮಧ್ಯದ ಏಕವಾದನವನ್ನು ಹಾಲಿ ಒಂಟಿ ತಂತಿಯಲ್ಲಿ ನುಡಿಸದೆ ಸ್ವರಗುಚ್ಛಗಳನ್ನೇ ಬಿರುಸಾಗಿ ಮೀಟಿ ತುಂಬಿಸಿದನು. ರಾಗದ ಕೆಲಸವೂ ಲಯದ ಕೆಲಸವೂ ಹೀಗೆ ಒಂದೇ ವಾದ್ಯಕ್ಕೆ ಬಂದವು. ಆ ವರ್ಷದ ಕೊನೆಗೆ ಸುಲಿವನ್ ಮೇಳವನ್ನು ಬಿಟ್ಟಾಗ ಉಳಿದವರು ಹಾಲಿ, ಆಲಿಸನ್, ಜೋ ಮಾಲ್ಡಿನ್. 1958ರ ಮಾರ್ಚಿಯಲ್ಲಿ ಈ ಮೂವರೇ ಬ್ರಿಟನ್ನಿನಲ್ಲಿ ಸಂಚರಿಸಿದರು. ಗಿಟಾರ್, ಬಾಸ್, ಡ್ರಮ್ ಇಷ್ಟೇ ಸಾಕೆಂಬುದು ಅಲ್ಲಿಯ ಯುವಕರಿಗೆ ಪ್ರತ್ಯಕ್ಷವಾಯಿತು.

ಹಾಲಿ 1959ರ ಫೆಬ್ರವರಿ 3ರಂದು, 22ನೆಯ ವಯಸ್ಸಿನಲ್ಲಿ, ವಿಮಾನಾಪಘಾತದಲ್ಲಿ ಮಡಿದನು. ಆದರೆ ದೊಡ್ಡ ವಾದ್ಯವೃಂದವಿಲ್ಲದ ನಾಲ್ಕಾರು ತರುಣರೂ ಮನೆಯ ಗ್ಯಾರೇಜಿನಲ್ಲಿ ಮೇಳ ಕಟ್ಟಬಹುದೆಂಬ ಧೈರ್ಯ ಉಳಿಯಿತು. ಸಾಧನಗಳ ಕೊರತೆ ಇಲ್ಲಿ ಶೈಲಿಯ ದೋಷವಾಗದೆ ಶೈಲಿಯ ಕಾರಣವೇ ಆಯಿತೆಂಬುದನ್ನು ನಾವು ಗಮನಿಸಬೇಕು.