ಎದುರು ಮನೆಯ ನವಿಲು ಮತ್ತು ಮೂರು ಇಂಚು ಬಟ್ಟೆ

ಹೋದ ಶ್ರಾವಣದಲ್ಲಿ ಎದುರು ಮನೆಯ ಹುಡುಗಿ ಒಂದು ನವಿಲನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದಳು. ಎಂಟು ತಿಂಗಳು ಕೂತು ಹಾಕಿದ ಕ್ರಾಸ್ ಸ್ಟಿಚ್. ನೀಲಿಯಲ್ಲೇ ಐದು ಛಾಯೆ, ಗರಿಯ ಕಣ್ಣಿಗೆ ತಾಮ್ರದ ಬಣ್ಣ, ಎಣಿಸಿದರೆ ಹೊಲಿಗೆಯ ಒಂದು ಮನೆಯೂ ತಪ್ಪಿಲ್ಲ. ಆದರೆ ಫ್ರೇಮ್ ಹಾಕುವವರು ಆಗುವುದಿಲ್ಲ ಎಂದು ವಾಪಸ್ ಕಳಿಸಿದ್ದರು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ ಕೂಡಲೇ ಕಾರಣ ತಿಳಿಯಿತು. ಎಡಗಡೆ ಅಂಗೈ ಅಗಲದಷ್ಟು ಬಟ್ಟೆ ಖಾಲಿ ಉಳಿದಿತ್ತು. ಬಲಗಡೆ ನವಿಲಿನ ಬಾಲ ಅಂಚಿನಿಂದ ಅರ್ಧ ಇಂಚು ದೂರದಲ್ಲಿ ನಿಂತಿತ್ತು. ಹಲಗೆಯ ಹಿಂದಕ್ಕೆ ಮಡಚಲು ಅಲ್ಲಿ ಬಟ್ಟೆಯೇ ಇರಲಿಲ್ಲ.

ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಮನೆಯಲ್ಲಿ ಕಸೂತಿ ಹಾಕುವವರಿಗೆ ಕೈಚಳಕದ ಕೊರತೆ ಇಲ್ಲವೆಂಬುದನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಹಾಕಿ ಮುಗಿದ ಮೇಲೆ ಇದು ಎಲ್ಲಿ ಇರಬೇಕು, ಗೋಡೆಯ ಮೇಲೋ, ದಿಂಬಿನ ಮೇಲೋ, ಬಾಗಿಲ ತೋರಣದಲ್ಲೋ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಮೊದಲು ಕೇಳಿಕೊಳ್ಳುವುದಿಲ್ಲ. ಅದಕ್ಕೇ ಎಷ್ಟೊಂದು ಮನೆಗಳಲ್ಲಿ ಸುರುಳಿ ಸುತ್ತಿದ ಚೆಂದದ ಕೆಲಸಗಳು ಬೀರುವಿನ ತಳದಲ್ಲಿ ಉಳಿದಿವೆ.

ಕಸೂತಿಯ ನಡುವೆಯೇ ಬೆಳೆದ ನಾನು ಧಾರವಾಡದ ಕಡೆಯವಳು. ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. 1967ರಲ್ಲಿ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಸಿಐಎಲ್ ಸ್ಥಾಪನೆಯಾದ ಮೇಲೆ ಕಾರ್ಖಾನೆಗಳ ಜೊತೆಜೊತೆಗೆ ಬೆಳೆದ ಭಾಗ ಇದು. ಪಕ್ಕದ ಬಡಾವಣೆಗೆ ಆ ಸಂಸ್ಥೆಯನ್ನು ಕಟ್ಟಿದ ಎ.ಎಸ್. ರಾವ್ ಅವರದೇ ಹೆಸರು. ಇಲ್ಲಿ ಗಲ್ಲಿಗೊಂದು ‘ಮಗ್ಗಂ ವರ್ಕ್’ ಬೋರ್ಡು. ನಮ್ಮ ‘ಮಗ್ಗ’ವೇ ತೆಲುಗಿನಲ್ಲಿ ಮಗ್ಗಂ, ಆದರೆ ನೇಯುವ ಮಗ್ಗ ಅಲ್ಲ, ರವಿಕೆ ಬಟ್ಟೆಯನ್ನು ಬಿಗಿದು ಕಟ್ಟುವ ಮರದ ಚೌಕಟ್ಟು. ಬಟರ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸಿದರೆ ಕೆಳಗಿನ ಬಟ್ಟೆಗೆ ಚುಕ್ಕೆಗಳ ಚಿತ್ರ ಇಳಿಯುತ್ತದೆ. ಅದರ ಮೇಲೆ ಕೊಕ್ಕೆಸೂಜಿ ಓಡುತ್ತದೆ. ಆ ಕಾರಿಗರರ ವೇಗ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನಮ್ಮ ಕಡೆಯ ಕಸೂತಿಯ ದಾರಿ ಬೇರೆ. ಅಲ್ಲಿ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಬರೆಯುವಂತಿಲ್ಲ. ಬಟ್ಟೆಯ ಎಳೆ ಎಣಿಸಬೇಕು, ಸೂಜಿ ಹಾಕಬೇಕು. ಕ್ರಾಸ್ ಸ್ಟಿಚ್ಚೂ ಅದೇ ಕುಲದ್ದು. ಧಾರವಾಡ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ‘ಮೆಂತಿ’ ಎಂದರೆ ಕ್ರಾಸ್ ಸ್ಟಿಚ್ಚೇ. ಬಟ್ಟೆಯ ಮೇಲೆ ಮೆಂತ್ಯದ ಕಾಳು ಒತ್ತಾಗಿ ಕೂತ ಹಾಗೆ ಕಾಣುತ್ತದೆ. ಉಳಿದ ಮೂರು ಗವಂತಿ, ಮುರಗಿ, ನೇಗಿ. ಇಳಕಲ್ಲಿನ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ, ತೊಟ್ಟಿಲು ಎಲ್ಲ ಈ ನಾಲ್ಕರಲ್ಲೇ ಮೂಡುತ್ತವೆ. 2006ರಲ್ಲಿ ಈ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ನನ್ನ ಅವ್ವನ ಗವಂತಿ ಊರಲ್ಲಿ ಹೆಸರಾಗಿತ್ತು. ಗವಂತಿ ಎಂದರೆ ಹೋಗಿ ಬರುವ ಹೊಲಿಗೆ. ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ. ತುದಿ ಮುಟ್ಟಿ ಹಿಂದಿರುಗುವಾಗ ಬಿಟ್ಟುಹೋದ ಮನೆಗಳನ್ನೆಲ್ಲ ತುಂಬುತ್ತ ಹೊರಟ ಜಾಗಕ್ಕೇ ಬರಬೇಕು. ನಡುವೆ ಕವಲು ಬಂದರೆ ಅದರ ತುದಿಗೂ ಹೋಗಿ ಬಂದು ಮತ್ತೆ ಮುಖ್ಯ ದಾರಿ ಹಿಡಿಯಬೇಕು. ಸರಿಯಾಗಿ ಹಾಕಿದರೆ ಮೇಲೂ ಕೆಳಗೂ ಒಂದೇ ಚಿತ್ರ. ಗಂಟು ಹಾಕುವಂತೆಯೇ ಇಲ್ಲ. ಯುರೋಪಿನಲ್ಲಿ ಇದೇ ಹೊಲಿಗೆಗೆ ಹೋಲ್ಬೈನ್ ಎಂಬ ಹೆಸರು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಚಿತ್ರ ಬರೆದ ಹಾನ್ಸ್ ಹೋಲ್ಬೈನ್ ತನ್ನ ಚಿತ್ರಗಳಲ್ಲಿ ತೋಳಿನ ಅಂಚು, ಕಾಲರುಗಳ ಮೇಲಿನ ಇಂಥ ಕಸೂತಿಯನ್ನು ಅಷ್ಟು ನಿಖರವಾಗಿ ಬರೆದಿದ್ದಾನೆ. ಧಾರವಾಡದ ಅಟ್ಟದ ಮನೆಯಲ್ಲಿ ಕೂತ ಹೆಣ್ಣುಮಕ್ಕಳೂ ಆ ದೂರದೇಶದವರೂ ಒಂದೇ ಲೆಕ್ಕದಲ್ಲಿ ಸೂಜಿ ಓಡಿಸಿದ್ದರು ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಾನು ಹಾಕಿದ್ದನ್ನು ತೋರಿಸಿದರೆ ಅವ್ವ ಮೇಲ್ಮೈ ನೋಡುತ್ತಿರಲಿಲ್ಲ. “ಹೊಳ್ಳಿಸಿ ತೋರಸು” ಅನ್ನುತ್ತಿದ್ದಳು. ಲೆಕ್ಕ ತಪ್ಪಿದ್ದು ಹಿಂದೆಯೇ ಮೊದಲು ಕಾಣುತ್ತದೆ. “ಬಿಚ್ಚು” ಎಂಬ ಒಂದೇ ಮಾತು, ಸಿಟ್ಟಿಲ್ಲ. ಬಿಚ್ಚಿದ ಎಳೆ ಜುಂಗು ಎದ್ದು ಸೊರಗಿರುತ್ತದೆ. ಅದನ್ನು ಎಸೆದು ಹೊಸ ಎಳೆ ತೆಗೆದುಕೊಳ್ಳಬೇಕು. ಅಷ್ಟರಮಟ್ಟಿಗೆ ಅವಳು ಉದಾರಿ.

ಹೋದ ವರ್ಷ ನಾನೇ ಒಂದು ತುಳಸಿಕಟ್ಟೆಯ ವಿನ್ಯಾಸ ಮಾಡಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾರುಕಟ್ಟೆಯ ಕಿಟ್ ಇಲ್ಲದೆ ನಮ್ಮದೇ ಚಿತ್ರ ಹಾಕುವುದು ಎಷ್ಟು ಸಲೀಸು ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಬೇಕಾದದ್ದು ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ, ಪೆನ್ಸಿಲು, ರಬ್ಬರು. ಒಂದು ಚೌಕ ಒಂದು ಹೊಲಿಗೆ. ಹತ್ತು ಮನೆಗೊಂದು ದಪ್ಪ ಗೆರೆ ಎಳೆದುಕೊಂಡರೆ ಎಣಿಕೆ ಕೈತಪ್ಪುವುದಿಲ್ಲ. ಮೊದಲು ಅಗಲಕ್ಕೆ 98 ಮನೆ ಇಟ್ಟೆ. ಕಟ್ಟೆಯ ಗೂಡಿನಲ್ಲಿ ದೀಪ ಬರೆಯಲು ಹೋದಾಗ ಕುಡಿಗೆ ನಡುಮನೆಯೇ ಇಲ್ಲ! ಸರಿಸಂಖ್ಯೆಯಲ್ಲಿ ನಡುವೆ ಗೆರೆ ಬರುತ್ತದೆ, ಮನೆ ಬರುವುದಿಲ್ಲ. ಎರಡೂ ಕಡೆ ಒಂದೇ ಸಮ ಇರಬೇಕಾದ ಗೋಪುರ, ಕಟ್ಟೆ, ದೀಪಕ್ಕೆ ಬೆಸಸಂಖ್ಯೆ ಬೇಕು. ಒಂದು ಮನೆ ತೆಗೆದು 97 ಮಾಡಿದೆ. ಎತ್ತರ 126.

ಇನ್ನು ಬಟ್ಟೆಯ ಲೆಕ್ಕ. ಕ್ರಾಸ್ ಸ್ಟಿಚ್ಚಿಗೆ ಬಳಸುವ ಐಡಾ ಬಟ್ಟೆಯನ್ನು ಇಂಚಿಗೆ ಎಷ್ಟು ಮನೆ ಎಂಬುದರ ಮೇಲೆ 11, 14, 16, 18 ಎಂದು ಕರೆಯುತ್ತಾರೆ. ನನ್ನ ಚಿತ್ರವನ್ನು 14ರ ಬಟ್ಟೆಯಲ್ಲಿ ಹಾಕಿದರೆ ಅಗಲ ಏಳು ಇಂಚಿಗೆ ಕೂದಲೆಳೆ ಕಮ್ಮಿ, ಎತ್ತರ ಒಂಬತ್ತು ಇಂಚು. 18ರಲ್ಲಿ ಹಾಕಿದರೆ ಎತ್ತರ ಏಳೇ ಇಂಚು, 11ರಲ್ಲಿ ಹನ್ನೊಂದೂವರೆ. ಚಿತ್ರ ಅದೇ, ಹೊಲಿಗೆಯೂ ಅಷ್ಟೇ. ಬಟ್ಟೆ ಬದಲಾದರೆ ಗಾತ್ರ ಬದಲು. ನನಗೆ ದೇವರ ಕೋಣೆಯ ಗೋಡೆಗೆ ಬೇಕಿತ್ತು, 14 ಆರಿಸಿದೆ. ನಾಲ್ಕೂ ಕಡೆ ಮೂರು ಮೂರು ಇಂಚು ಬಿಡಬೇಕು; ಹಾಗಾಗಿ 13 ಇಂಚು ಅಗಲ, 15 ಇಂಚು ಉದ್ದದ ತುಂಡು. ಎದುರು ಮನೆಯ ನವಿಲಿಗೆ ಇಲ್ಲದೆ ಹೋದದ್ದು ಈ ಮೂರು ಇಂಚು. ಬಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಮಡಚಿ, ಎರಡು ಮಡಿಕೆ ಕೂಡುವ ಜಾಗದಲ್ಲಿ ಮೊದಲ ಹೊಲಿಗೆ ಹಾಕಿ, ಅಲ್ಲಿಂದ ಹೊರಗೆ ಬೆಳೆಸಿದರೆ ಚಿತ್ರ ಎಂದಿಗೂ ಅಂಚಿಗೆ ಓಡುವುದಿಲ್ಲ.

ಐಡಾ ಸಿಗದಿದ್ದರೆ ಶಾಲೆಯ ಹೊಲಿಗೆ ತರಗತಿಯಲ್ಲಿ ನಾವೆಲ್ಲ ಬಳಸಿದ ಮ್ಯಾಟಿ ಬಟ್ಟೆ ಸಾಕು. ನಾನು ಸಿಕಂದರಾಬಾದಿನ ಜನರಲ್ ಬಜಾರಿನಿಂದ ತರುತ್ತೇನೆ. ಅದರ ಒಂದು ಗುಣ ಗೊತ್ತಿರಲಿ: ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಕೆಲವೊಮ್ಮೆ ಇಂಚಿಗೆ ಸಮ ಇರುವುದಿಲ್ಲ. ಹತ್ತು ಮನೆ ಅಡ್ಡ, ಹತ್ತು ಮನೆ ಉದ್ದ ಅಳೆದು ನೋಡದೆ ಹಾಕಿದರೆ ದುಂಡನೆಯ ಕಮಲ ಮೊಟ್ಟೆಯಾಗುತ್ತದೆ. ಸೀರೆಯ ಮೇಲೆ ನೇರವಾಗಿ ಎಳೆ ಎಣಿಸಿ ಹಾಕುವವರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು.

ದಾರದ ಲಡಿಯೊಂದು ಎಂಟು ಮೀಟರ್, ಒಳಗೆ ಆರು ಎಳೆ. 14ರ ಬಟ್ಟೆಗೆ ಎರಡೆಳೆ ಸಾಕು. ಡಿಎಂಸಿ ಕಂಪನಿಯ ಕಪ್ಪು ದಾರದ ಸಂಖ್ಯೆ 310, ಆಂಕರ್ ಕಂಪನಿಯ ಕಪ್ಪು 403. ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಚೀಟಿ ಬಿಸಾಡಬೇಡಿ. ಬಣ್ಣ ಆರಿಸುವಾಗ ಲಡಿಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡುತ್ತೇನೆ. ಕಣ್ಣಿಗೆ ಬೇರೆ ಬೇರೆ ಕಾಣುವ ಹಸಿರು ಮತ್ತು ಕೆಂಪು ಅದರಲ್ಲಿ ಒಂದೇ ಬೂದುಬಣ್ಣವಾಗಿ ಬಂದರೆ, ದೂರದಿಂದ ನೋಡುವವರಿಗೆ ಎಲೆಗೂ ಹೂವಿಗೂ ಅಂತರ ಹೊಳೆಯುವುದು ಕಷ್ಟ. ತುಳಸಿಯ ಎಲೆಗೆ ಮೂರು ಹಸಿರು ತಂದಿದ್ದವಳು ಫೋಟೊ ನೋಡಿ ಎರಡಕ್ಕೆ ಇಳಿಸಿದೆ.

ಗಂಟಿಲ್ಲದೆ ಶುರುಮಾಡಲು ಒಂದು ಚೆಂದದ ಉಪಾಯವಿದೆ. ಒಂದೇ ಎಳೆಯನ್ನು ಎರಡು ಮೊಳ ಕತ್ತರಿಸಿ ನಡುವೆ ಮಡಚಿ. ಎರಡೂ ತುದಿಗಳನ್ನು ಸೂಜಿಯ ಕಣ್ಣಿಗೆ ಪೋಣಿಸಿದರೆ ಕೆಳಗೆ ಕುಣಿಕೆ ಉಳಿಯುತ್ತದೆ. ಮೊದಲ ಅರ್ಧ ಹೊಲಿಗೆ ಹಾಕಿ ಸೂಜಿಯನ್ನು ಹಿಂಬದಿಯಲ್ಲಿ ಆ ಕುಣಿಕೆಯೊಳಗೆ ಹಾಯಿಸಿ ಮೆಲ್ಲಗೆ ಎಳೆಯಿರಿ. ಎಳೆ ತಾನೇ ಕಚ್ಚಿಕೊಳ್ಳುತ್ತದೆ. ಮುಗಿಸುವಾಗ ಹಿಂದಿನ ನಾಲ್ಕೈದು ಹೊಲಿಗೆಯ ಅಡಿಯಲ್ಲಿ ನುಗ್ಗಿಸಿ ಕತ್ತರಿಸಿದರಾಯಿತು. ಮೊಂಡು ಸೂಜಿ ಇರಲಿ, 24 ಅಥವಾ 26ರದ್ದು. ಗುಣಾಕಾರದ ಗುರುತಿನಂತಿರುವ ಈ ಹೊಲಿಗೆಯ ಮೇಲಿನ ಗೆರೆ ಎಲ್ಲ ಹೊಲಿಗೆಯಲ್ಲೂ ಒಂದೇ ದಿಕ್ಕಿಗೆ ವಾಲಬೇಕು. ಒಂದು ಮಗುಚಿ ಬಿದ್ದರೂ ಬೆಳಕು ಬೇರೆ ರೀತಿ ಹೊಳೆದು ಕಲೆಯ ಹಾಗೆ ಕಾಣುತ್ತದೆ. ರಾತ್ರಿ ಎದ್ದೇಳುವಾಗ ಬಟ್ಟೆ ಬಿಗಿದ ಬಳೆಚೌಕಟ್ಟನ್ನು ತೆಗೆದಿಡಿ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಮಳೆಗಾಲ ಕಳೆದರೆ ತುಕ್ಕಿನ ಚುಕ್ಕೆ ಬೀಳುತ್ತದೆ, ಅದು ಹೋಗುವುದಿಲ್ಲ. ತುಳಸಿಕಟ್ಟೆಯ ಹಿನ್ನೆಲೆ ಖಾಲಿ ಬಿಟ್ಟೆನಾದ್ದರಿಂದ ಹೊಲಿಗೆ ಸುಮಾರು ಐದು ಸಾವಿರ. ನನ್ನ ಕೈಗೆ ಗಂಟೆಗೆ ನೂರು. ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳ ಒಳಗೆ ಮುಗಿಯಿತು.

ಮುಗಿದ ಮೇಲೆ ತೊಳೆಯುವುದು. ಕೈಯ ಎಣ್ಣೆ ಅಂಟಿರುತ್ತದೆ, ಈಗ ಕಾಣದಿದ್ದರೂ ವರ್ಷ ಕಳೆದಂತೆ ಹಳದಿಯಾಗುತ್ತದೆ. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಹಾಕಿದ ತೋರಣದಲ್ಲಿ ಹೆಸರಿಲ್ಲದ ಅಗ್ಗದ ಕೆಂಪು ದಾರ ಬಳಸಿದ್ದೆ. ತೊಳೆದಾಗ ಬಣ್ಣ ಬಿಟ್ಟಿತು. ಗಾಬರಿಯಲ್ಲಿ ಹಿಂಡಿ ಬಿಸಿಲಿಗೆ ಹಾಕಿದೆ. ಒಣಗಿದ ಗುಲಾಬಿ ಕಲೆ ಮತ್ತೆ ಬಿಡಲೇ ಇಲ್ಲ. ಬಣ್ಣ ಬಿಟ್ಟರೆ ಒಣಗಲು ಬಿಡಬಾರದು; ನೀರು ತಿಳಿಯಾಗುವವರೆಗೂ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಅದಕ್ಕೂ ಮೊದಲೇ ದಾರವನ್ನು ಒದ್ದೆ ಬಿಳಿಬಟ್ಟೆಯಲ್ಲಿ ಒತ್ತಿ ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ಟರ್ಕಿ ಟವೆಲಿನ ಮೇಲೆ ಕಸೂತಿಯನ್ನು ಬೋರಲು ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಹೊಲಿಗೆ ಚಪ್ಪಟೆಯಾಗದೆ ಉಬ್ಬಿ ನಿಲ್ಲುತ್ತದೆ.

ಫ್ರೇಮಿನ ವಿಷಯದಲ್ಲಿ ಒಂದು ಬೇಸರ ಇನ್ನೂ ಮನಸ್ಸಿನಲ್ಲಿದೆ. ಬಹಳ ಹಿಂದೆ ಒಂದು ಅಂಗಡಿಯಲ್ಲಿ ನನ್ನ ಅಂಬಾರಿ ಆನೆಯನ್ನು ಹಲಗೆಗೆ ಗೋಂದಿನಿಂದ ಅಂಟಿಸಿ, ಗಾಜು ತಾಗುವಂತೆ ಒತ್ತಿ ಕೊಟ್ಟರು. ನಾಲ್ಕೈದು ವರ್ಷದಲ್ಲಿ ಗೋಂದು ಕಂದು ಕಲೆಯಾಗಿ ಮೇಲೆದ್ದಿತು, ಗಾಜಿಗೆ ತಾಗಿದ ಕಡೆ ಬೂಷ್ಟು ಹಿಡಿಯಿತು. ಅಂದಿನಿಂದ ಹಲಗೆಗೆ ಬಿಗಿಯುವ ಕೆಲಸ ನನ್ನದೇ. ಗಟ್ಟಿ ರಟ್ಟಿನ ಅಂಚಿಗೆ ಗುಂಡುಸೂಜಿ ಚುಚ್ಚುತ್ತ, ಐಡಾದ ಒಂದೇ ಸಾಲು ಅಂಚಿನುದ್ದಕ್ಕೂ ಬರುವಂತೆ ನೋಡಿಕೊಳ್ಳುತ್ತೇನೆ. ಹಿಂದೆ ಮಡಚಿದ ಬಟ್ಟೆಯನ್ನು ಗಟ್ಟಿ ದಾರದಿಂದ ಆಚೆಯಿಂದ ಈಚೆಗೆ ಮಂಚದ ನವಾರಿನಂತೆ ಎಳೆದು ಕಟ್ಟುತ್ತೇನೆ. ಮೊದಲು ಉದ್ದದ ಬದಿ, ಆಮೇಲೆ ಅಡ್ಡ. ಒಂದು ಹನಿ ಗೋಂದು ಬೇಡ. ಬೇಕೆಂದಾಗ ದಾರ ಕತ್ತರಿಸಿ ಬಟ್ಟೆ ತೆಗೆದು ಮತ್ತೆ ತೊಳೆಯಬಹುದು. ಗಾಜು ಹಾಕಿಸುವುದಾದರೆ ನಡುವೆ ರಟ್ಟಿನ ಅಂಚು ಇಡಿಸಿ, ಗಾಜಿಗೂ ಹೊಲಿಗೆಗೂ ಉಸಿರಾಡುವಷ್ಟು ಜಾಗ ಇರಲಿ.

ನವಿಲಿಗೆ ಏನು ಮಾಡಿದೆವು? ಅವ್ವನ ಒಂದು ಚಂದ್ರಕಾಳಿ ಸೀರೆ ಮಡಿಕೆಯಲ್ಲಿ ಹರಿದು ನನ್ನ ಹತ್ತಿರ ಉಳಿದಿತ್ತು. ಅದರಲ್ಲಿ ಕಸೂತಿ ಇಲ್ಲದ ಗಟ್ಟಿ ಜಾಗ ನೋಡಿ ನಾಲ್ಕು ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿದೆವು. ನವಿಲಿನ ಬಲಗಡೆಯ ಅಂಚು ಬಿಚ್ಚಿಕೊಳ್ಳದಂತೆ ಮೊದಲು ಕೈಯಲ್ಲೇ ಸುತ್ತುಹೊಲಿಗೆ ಹಾಕಿಸಿದೆ. ಬಾಲದ ತುದಿಯಿಂದ ಎರಡು ಮನೆ ಎಣಿಸಿ ಬಿಟ್ಟು, ಅದೇ ಸಾಲು ಹಿಡಿದು ಹುಡುಗಿ ಪಟ್ಟಿ ಕೂಡಿಸಿದಳು. ಎಡಗಡೆಯ ಖಾಲಿ ಬಟ್ಟೆಯನ್ನೂ ಅಷ್ಟಕ್ಕೇ ಕತ್ತರಿಸಿ, ಮೇಲೆ ಕೆಳಗೆ ಸಮ ಮಾಡಿದ ಮೇಲೆ ಸುತ್ತಲೂ ಕಪ್ಪು ಅಂಚು ಬಂತು. ನೀಲಿ ಗರಿಗಳು ಆ ಕಪ್ಪಿನ ನಡುವೆ ಎದ್ದು ನಿಂತವು. ಹಲಗೆಗೆ ಕಟ್ಟಲು ಈಗ ಬೇಕಾದಷ್ಟು ಬಟ್ಟೆ.

ಕಟ್ಟುವ ಮೊದಲು ಹೆಸರು ಎಲ್ಲಿ ಬರೆಯಲಿ ಎಂದು ಕೇಳಿದಳು. ನವಿಲಿನ ಕಾಲಿನ ಕೆಳಗೆ ಆರು ಸಾಲು ಖಾಲಿ ಇತ್ತು. ಕಿಟಕಿಯ ಪಕ್ಕ ಕೂತು ಒಂದೇ ಎಳೆ ಕಪ್ಪು ದಾರದಲ್ಲಿ, ಗವಂತಿಯಲ್ಲಿ, ತನ್ನ ಹೆಸರಿನ ಎರಡು ಅಕ್ಷರವನ್ನೂ ಇಸವಿಯನ್ನೂ ಹಾಕಿದಳು. ಕೊನೆಯ ಅಂಕಿಯ ತುದಿಯಿಂದ ಹಿಂದಿರುಗಿ ಬಂದು, ಎಳೆ ಕತ್ತರಿಸಿ, ನಾನು ಹೇಳುವ ಮೊದಲೇ ಬಟ್ಟೆಯನ್ನು ಹೊಳ್ಳಿಸಿ ಬೆಳಕಿಗೆ ಹಿಡಿದಳು.