ಕೂಡಗಿಯ ಬೂದಿ, ಉಳ್ಳಾಲದ ಅಲೆ

ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರದ ಕಡಲಬದಿ ಮನೆಗಳಲ್ಲಿ ಉಮ್ಮಂದಿರಿಗೆ ರಾತ್ರಿ ನಿದ್ದೆ ಇಲ್ಲ. ಗುಡ್ಡ ಒಡೆದು ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ. ಕೆಲವೇ ವರ್ಷದಲ್ಲಿ ಅದೂ ಮರಳಿನಡಿ ಇಳಿಯುತ್ತದೆ. ಬೇರೆ ದಾರಿ ಇಲ್ವಾ ಅಂತ ಕೇಳುವವರು ಒಮ್ಮೆ ವಿಜಯಪುರ ಜಿಲ್ಲೆ ಕಡೆ ನೋಡಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳದವರಿಗೆ ಕಡಲು ದೂರದ ಮಾತು. ಆದರೆ ಬಸವನಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಪಾಲು ಬೂದಿಯೇ. ಅದನ್ನು ಹಾಗೇ ಬಿಟ್ಟರೆ ಬೇಸಿಗೆ ಗಾಳಿಗೆ ಎದ್ದು ಹೊಲ, ಬಾವಿ, ಎದೆಗೂಡು ಎಲ್ಲಕ್ಕೂ ಕೇಡು. ಸ್ಥಾವರಗಳು ಬೂದಿಯನ್ನು ಪೂರ್ತಿ ಬಳಕೆಗೆ ಒದಗಿಸಬೇಕೆಂದು 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಹೇಳುತ್ತದೆ.

ಈ ಬೂದಿಗೂ ಕಡಲಿಗೂ ಏನು ಸಂಬಂಧ? ಸಿಮೆಂಟಿಗೆ ನೀರು ಬಿದ್ದಾಗ ಸುಣ್ಣದ ಅಂಶ ಹೊರಬರುತ್ತದೆ. ಹಾರುಬೂದಿ ಅದರೊಂದಿಗೆ ಕೂಡಿ ಗಟ್ಟಿಯಾಗಿ, ಕಾಂಕ್ರೀಟಿನ ಸಣ್ಣ ರಂಧ್ರ ಮುಚ್ಚುತ್ತದೆ. ಉಪ್ಪುನೀರು ಒಳಗಿನ ಕಬ್ಬಿಣ ತಲುಪುವುದು ತಡವಾಗುತ್ತದೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯ ಊದುಕುಲುಮೆ ಕಿಟ್ಟವನ್ನು ಪುಡಿಮಾಡಿ ಬೆರೆಸಿದರೂ ಇದೇ ಗುಣ. ತಡೆಗೋಡೆಯ ಟೆಟ್ರಾಪಾಡ್, ಜೆಟ್ಟಿಯ ಕಂಬಗಳಿಗೆ ಇಂಥ ಮಿಶ್ರಣವೇ ಒಳ್ಳೆಯದು.

ಇನ್ನೊಂದು ಕಸ ನಮ್ಮ ಬಾಗಿಲಲ್ಲೇ ಇದೆ. ಪಣಂಬೂರು ಬಂದರು, ಅಳಿವೆಬಾಗಿಲಿನಲ್ಲಿ ಹೂಳೆತ್ತುವ ಕೆಲಸ ಮುಗಿಯುವುದೇ ಇಲ್ಲ. ಅದರಲ್ಲಿ ಶುದ್ಧ ಮರಳಿದ್ದರೆ ಕೊರೆದ ದಡಕ್ಕೇ ಹಾಕಬಹುದು. ಜಪಾನಿನಲ್ಲಿ ಮೆತ್ತನೆಯ ಕೆಸರಿಗೆ ಉಕ್ಕಿನ ಕಿಟ್ಟ ಬೆರೆಸಿ, ಗಟ್ಟಿಯಾದ ಮಣ್ಣನ್ನು ಕಡಲ ತಳದ ಹೊಂಡ ತುಂಬಲು ಬಳಸಿದ್ದಾರೆ.

ಆದರೆ ಬರೀ ಬೂದಿ ತಂದು ಕಡಲಿಗೆ ಸುರಿಯುವುದು ಪರಿಹಾರವಲ್ಲ. ಬೂದಿಯಲ್ಲೂ ಬಂದರಿನ ಕೆಸರಲ್ಲೂ ವಿಷಲೋಹ ಇರಬಹುದು. ಅದು ಮೀನಿಗೆ ಸೇರಿದರೆ ನಮ್ಮ ತಟ್ಟೆಗೇ ಬರುತ್ತದೆ. ಮೊದಲು ಪರೀಕ್ಷೆ, ಆಮೇಲೆ ಬಳಕೆ. ಅಷ್ಟು ದೂರದಿಂದ ಬೂದಿ ಹೊರುವ ಅಗತ್ಯವೂ ಇಲ್ಲ, ಸಿಮೆಂಟ್ ಚೀಲದೊಳಗೇ ಬೂದಿ ಬರುತ್ತದೆ. ಪಿಪಿಸಿ ಎಂದು ಬರೆದ ಚೀಲದಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರಬಹುದು.

ಕಡಲಬದಿಯಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಗೆ ಎರಡು ಮಾತು ಹೇಳಿ. ತೊಳೆಯದ ಕಡಲ ಮರಳು ಬೇಡ. ಪಿಪಿಸಿ ಸಿಮೆಂಟ್ ನಿಧಾನಕ್ಕೆ ಬಲಿಯುತ್ತದೆ, ಕನಿಷ್ಠ 10 ದಿನ ನೀರುಣಿಸಿ. ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಉದುರುವ ಮನೆಗಳನ್ನು ನಾವೆಲ್ಲ ನೋಡಿದವರೇ. ಇನ್ನು ತಡೆಗೋಡೆಗೆ ಟೆಂಡರ್ ಕರೆದಾಗ, ಮತ್ತೊಂದು ಗುಡ್ಡ ಒಡೆಯುವ ಮೊದಲು, ಬೂದಿ ಕಾಂಕ್ರೀಟು ಯಾಕಾಗಬಾರದು ಎಂದು ಜಮಾಅತಿನವರು, ಪಂಚಾಯತ್ ಸದಸ್ಯರು ಒಂದು ಪ್ರಶ್ನೆ ಕೇಳಲಿ.