ಅಪ್ಪನ ಉಯಿಲು, ಅಣ್ಣನ ಖಾತೆ: ಪ್ರೊಬೇಟ್ ನಿಜಕ್ಕೂ ಬೇಕಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಈ ವಾರದ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಬೆಂಗಳೂರಿನಲ್ಲಿ ಕೆಲಸ ಮಾಡುವ ಯುವತಿ, ಊರು ಮೈಸೂರು. ಹೆಸರು ಹೇಳಬೇಡಿ ಅಂದಿದ್ದಾರೆ. ಅವರ ಮಾತನ್ನ ಚಿಕ್ಕದು ಮಾಡಿ ಹೇಳ್ತೀನಿ: "ಅಪ್ಪ ಹೋಗಿ ಎಂಟು ತಿಂಗಳಾಯ್ತು. ಮೈಸೂರಲ್ಲಿ ಅವರೇ ದುಡಿದು ಕಟ್ಟಿದ ಮನೆ ಇದೆ. ಮನೆ ಅಮ್ಮನಿಗೆ ಅಂತ ಉಯಿಲು ಬರೆದಿಟ್ಟಿದ್ದಾರೆ. ಬಿಳಿ ಹಾಳೆ ಮೇಲೆ, ಇಬ್ಬರು ಸಾಕ್ಷಿ ಸಹಿ ಹಾಕಿದ್ದಾರೆ, ರಿಜಿಸ್ಟರ್ ಆಗಿಲ್ಲ. ಅಣ್ಣ ಅದಕ್ಕೆ ಬೆಲೆನೇ ಇಲ್ಲ ಅಂತಾನೆ. ಖಾತೆ ತನ್ನ ಹೆಸರಿಗೆ ಮಾಡಿಸ್ಕೊಳ್ಳೋಕೆ ಓಡಾಡ್ತಿದ್ದಾನೆ. ಒಬ್ಬರು ಪ್ರೊಬೇಟ್ ಮಾಡಿಸಿ ಅಂತಾರೆ, ಇನ್ನೊಬ್ಬರು ಕರ್ನಾಟಕದಲ್ಲಿ ಅದು ಬೇಕಾಗಿಲ್ಲ ಅಂತಾರೆ. ಅಮ್ಮ ರಾತ್ರಿ ನಿದ್ದೆ ಮಾಡ್ತಿಲ್ಲ."

ಮೊದಲು ಅಮ್ಮನ ನಿದ್ದೆಗೆ ಸಂಬಂಧಪಟ್ಟ ಮಾತು. ಖಾತೆ ಯಾರ ಹೆಸರಿಗೆ ಬಂತೋ ಅವರೇ ಮನೆಯ ಮಾಲೀಕರು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಖಾತೆ ಅಂದ್ರೆ ಈ ಆಸ್ತಿಗೆ ಕಂದಾಯ ಕಟ್ಟೋರು ಯಾರು ಅಂತ ಪಾಲಿಕೆ ಬರೆದಿಟ್ಟುಕೊಳ್ಳೋ ಲೆಕ್ಕ. ಹಳ್ಳಿ ಜಮೀನಿನ ಪಹಣಿ, ಮ್ಯುಟೇಶನ್ ಕೂಡ ಮೂಲದಲ್ಲಿ ಕಂದಾಯದ ದಾಖಲೆಗಳೇ. ಮ್ಯುಟೇಶನ್ ಆಯ್ತು ಅಂದ ಮಾತ್ರಕ್ಕೆ ಯಾರಿಗೂ ಹೊಸದಾಗಿ ಹಕ್ಕು ಹುಟ್ಟೋದಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2021ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಂತೂ, ಉಯಿಲಿನ ಬಗ್ಗೆ ತಕರಾರು ಇದ್ದರೆ ಮೊದಲು ಸಿವಿಲ್ ಕೋರ್ಟಿನಲ್ಲಿ ಹಕ್ಕು ತೀರ್ಮಾನ ಮಾಡಿಸಿಕೊಂಡು ಬನ್ನಿ, ದಾಖಲೆ ತಿದ್ದೋದು ಆಮೇಲೆ ಅಂದಿತು.

ಹಾಗಾಗಿ ನಾಳೆ ಅಣ್ಣ ಹೇಗೋ ಖಾತೆ ಮಾಡಿಸ್ಕೊಂಡ್ರೂ ಅಮ್ಮನ ಹಕ್ಕು ಹೋಗಲ್ಲ. ಆದ್ರೆ ಸುಮ್ಮನೆ ಕೂರೋದೂ ಸರಿಯಲ್ಲ. ಯಾಕಂದ್ರೆ ಸಾಲ ಕೊಡೋರು, ಕೊಳ್ಳೋರು ಮೊದಲು ಕೇಳೋದೇ ಖಾತೆ. ಉಯಿಲಿನ ನಕಲು, ಮರಣ ಪ್ರಮಾಣಪತ್ರ ಇಟ್ಟು, ಅಮ್ಮನ ಸಹಿಯಲ್ಲಿ ಪಾಲಿಕೆಗೆ ಒಂದು ತಕರಾರು ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ. ಈ ಸಂಚಿಕೆ ಪೂರ್ತಿ ಕೇಳೋಕೆ ಟೈಮ್ ಇಲ್ಲದಿದ್ರೂ ಇದೊಂದು ಕೆಲಸ ಮಾಡಿಬಿಡಿ.

ಈಗ ಉಯಿಲು. ಅಣ್ಣ ಹೇಳಿದ್ದು ಸರಿನಾ? ಇಲ್ಲ. ಉಯಿಲನ್ನ ನೋಂದಣಿ ಮಾಡಿಸಲೇಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಛಾಪಾ ಕಾಗದವೂ ಬೇಡ, ಮುದ್ರಾಂಕ ಶುಲ್ಕವೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳೋದು ಇಷ್ಟೇ: ಬರೆದವರ ಸಹಿ ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಆ ಸಹಿ ನೋಡಿ ತಾವೂ ಸಹಿ ಮಾಡಿರಬೇಕು. ಬಿಳಿ ಹಾಳೆಯಾದ್ರೂ ಆಯ್ತು. ನೋಂದಣಿ ಆಗಿದ್ರೆ ಒಂದು ಅನುಕೂಲ ಇದೆ ಅನ್ನಿ. ಮೂಲ ಪತ್ರ ಕಳೆದುಹೋದ್ರೂ, ಬರೆದವರು ತೀರಿಕೊಂಡ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತೆ. ಹಾಗಂತ ನೋಂದಣಿಯಾದ ಉಯಿಲನ್ನ ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ ಅಂತಲ್ಲ. ಅದನ್ನೂ ಕೋರ್ಟಿನಲ್ಲಿ ರುಜುವಾತು ಮಾಡಬೇಕಾಗಿ ಬರಬಹುದು.

ಈ ರುಜುವಾತಿನ ಹೆಸರೇ ಪ್ರೊಬೇಟ್. 'ಇದು ಇಂಥವರ ಕೊನೆಯ ಉಯಿಲು, ಇದು ಅಸಲಿ' ಅಂತ ಕೋರ್ಟ್ ಪರಿಶೀಲನೆ ಮಾಡಿ, ಉಯಿಲಿನ ನಕಲಿನ ಜೊತೆ ತನ್ನ ಮೊಹರು ಹಾಕಿ ಕೊಡೋದು. ಒಂದು ಸಲ ಸಿಕ್ಕಿತು ಅಂದ್ರೆ ಅದು ಕೇಸಿನಲ್ಲಿದ್ದ ಇಬ್ಬರ ಮಧ್ಯೆ ಮಾತ್ರ ಅಲ್ಲ, ಎಲ್ಲರಿಗೂ ಅನ್ವಯ. ಅದು ರದ್ದಾಗೋವರೆಗೆ ಉಯಿಲು ನಕಲಿ ಅಂತ ಇನ್ನೊಂದು ಕೋರ್ಟಿನಲ್ಲಿ ವಾದ ಮಾಡೋಕಾಗಲ್ಲ. ಅದರ ಬಲ ಇರೋದೇ ಇಲ್ಲಿ.

ಇನ್ನೊಂದು ಮಾತನ್ನ ವಕೀಲರು ಕೆಲವೊಮ್ಮೆ ಬಿಡಿಸಿ ಹೇಳಲ್ಲ. ಪ್ರೊಬೇಟ್ ಕೋರ್ಟ್ ನೋಡೋದು ಉಯಿಲು ಅಸಲಿಯೇ ಅಂತ ಮಾತ್ರ. ಮನೆ ನಿಜವಾಗಿ ಅಪ್ಪನದ್ದೇ ಆಗಿತ್ತಾ ಅಂತ ಅದು ನೋಡೋದಿಲ್ಲ. ಉದಾಹರಣೆಗೆ ಅದು ಪಿತ್ರಾರ್ಜಿತ ಆಸ್ತಿ ಆಗಿದ್ದರೆ ಅಪ್ಪ ಉಯಿಲು ಬರೆಯಬಹುದಾಗಿದ್ದು ತಮ್ಮ ಪಾಲಿಗೆ ಮಾತ್ರ. ಉಯಿಲಿಗೆ ಪ್ರೊಬೇಟ್ ಸಿಕ್ಕಿದ್ರೂ ಮಕ್ಕಳ ಪಾಲು ಹಾಗೇ ಇರುತ್ತೆ, ಹೆಣ್ಣುಮಕ್ಕಳದ್ದೂ ಸೇರಿ. ಆ ಜಗಳಕ್ಕೆ ಬೇರೆ ದಾವೆ. ಅಂದ್ರೆ ಉಯಿಲು ನಿಜವೇ ಅನ್ನೋದು ಒಂದು ಪ್ರಶ್ನೆ, ಆಸ್ತಿ ಯಾರದ್ದು ಅನ್ನೋದು ಇನ್ನೊಂದು, ಕಂದಾಯ ಯಾರ ಹೆಸರಲ್ಲಿ ಅನ್ನೋದು ಮೂರನೇದು. ಮೂರಕ್ಕೂ ಬೇರೆ ಬೇರೆ ಬಾಗಿಲು. ಒಂದು ಬಾಗಿಲಲ್ಲಿ ಸಿಕ್ಕ ಕಾಗದವನ್ನ ಇನ್ನೊಂದರ ಉತ್ತರ ಅಂದ್ಕೊಂಡಾಗಲೇ ಮನೆಗಳಲ್ಲಿ ಗಲಾಟೆ ಶುರುವಾಗೋದು. ನಮ್ಮ ಕೇಳುಗರ ಮನೆ ಅಪ್ಪನ ಸ್ವಂತ ದುಡಿಮೆಯದ್ದು ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಎರಡನೇ ಪ್ರಶ್ನೆ ಇಲ್ಲಿ ಅಷ್ಟು ಕಾಡಲ್ಲ.

ಹಾಗಾದ್ರೆ ಪ್ರೊಬೇಟ್ ಕಡ್ಡಾಯವಾ? ಇದರ ಉತ್ತರ ಬ್ರಿಟಿಷರ ಕಾಲದ ನಕ್ಷೆಯಲ್ಲಿದೆ. ಹಿಂದೂಗಳು, ಸಿಖ್ಖರು, ಜೈನರು, ಬೌದ್ಧರು ಬರೆದ ಉಯಿಲಿಗೆ ಪ್ರೊಬೇಟ್ ಬೇಕೇಬೇಕು ಅಂತ ಇದ್ದದ್ದು ಹಳೇ ಬಂಗಾಳ ಪ್ರಾಂತ್ಯದಲ್ಲಿ ಮತ್ತು ಬಾಂಬೆ, ಮದ್ರಾಸ್ ಹೈಕೋರ್ಟ್‌ಗಳು ನೇರವಾಗಿ ಸಿವಿಲ್ ದಾವೆ ನಡೆಸೋ ನಗರ ವ್ಯಾಪ್ತಿಯಲ್ಲಿ. ಮೈಸೂರು ಆಗ ಸಂಸ್ಥಾನ, ಆ ಪಟ್ಟಿಯಲ್ಲೇ ಇಲ್ಲ. ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ. ಆದ್ರೆ ನಿಯಮ ಆ ಎರಡು ಮಹಾನಗರಗಳಿಗೆ ಮಾತ್ರ ಇದ್ದಿದ್ದರಿಂದ ಅಲ್ಲಿಗೂ ಬರಲಿಲ್ಲ. ಹೀಗಾಗಿ ಇಡೀ ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲ. ಮುಸ್ಲಿಮರಿಗೆ ಈ ನಿಯಮ ಅನ್ವಯ ಆಗಿರಲಿಲ್ಲ, ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿಯಲ್ಲಿ ವಿನಾಯಿತಿ ಸಿಕ್ಕಿತು.

ಮುಂಬೈ ಕನ್ನಡಿಗರ ಮನೆಗಳಲ್ಲಿ ಕಥೆ ಬೇರೆ. ಊರಲ್ಲಿ ಜಮೀನು, ಮುಂಬೈಯಲ್ಲಿ ಫ್ಲಾಟ್ ಇರೋ ಕುಟುಂಬ ಎಷ್ಟು ಬೇಕು! ಅಪ್ಪ ಉಯಿಲು ಬರೆದದ್ದು ಮೈಸೂರಿನಲ್ಲಿ ಅಂತಿಟ್ಕೊಳ್ಳಿ. ಫ್ಲಾಟ್ ಮಾಟುಂಗಾದಲ್ಲಿದ್ರೆ ಪ್ರೊಬೇಟ್ ಬೇಕಿತ್ತು, ಡೊಂಬಿವಲಿಯಲ್ಲಿದ್ರೆ ಬೇಡವಾಗಿತ್ತು. ಯಾಕಂದ್ರೆ ಡೊಂಬಿವಲಿ ಠಾಣೆ ಜಿಲ್ಲೆ. ಲೋಕಲ್ ಟ್ರೇನಿನಲ್ಲಿ ಒಂದು ಗಂಟೆ ದೂರ, ಕಾನೂನು ಮಾತ್ರ ಬೇರೆ! ಈ ವಿಚಿತ್ರಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಕೊನೆ ಹಾಡಿತು. ಪ್ರೊಬೇಟ್ ಕಡ್ಡಾಯ ಮಾಡಿದ್ದ 213ನೇ ಸೆಕ್ಷನ್ನನ್ನೇ ಕಾಯ್ದೆಯಿಂದ ತೆಗೆದುಹಾಕಿತು. ತೆಗೆದದ್ದು ಕಡ್ಡಾಯವನ್ನ ಮಾತ್ರ, ಪ್ರೊಬೇಟನ್ನ ಅಲ್ಲ. ಬೇಕು ಅನ್ನೋರು ಈಗಲೂ ಕೇಳಬಹುದು. ಫ್ಲಾಟಿನ ಸೊಸೈಟಿಯಲ್ಲಿ ನಾಮಿನಿ ಅಂತ ನಿಮ್ಮ ಹೆಸರು ಇದೆ ಅಂದ್ಕೊಂಡು ನಿರಾಳವಾಗಬೇಡಿ. ನಾಮಿನಿ ಅಂದ್ರೆ ಆಸ್ತಿಯನ್ನ ಸದ್ಯಕ್ಕೆ ಕೈಗೆ ಪಡೆಯೋರು ಅಷ್ಟೇ, ಮಾಲೀಕರು ವಾರಸುದಾರರೇ.

ಕಡ್ಡಾಯ ಅಲ್ಲ ಅಂದ ಮೇಲೆ ಮೈಸೂರಿನ ಈ ಅಮ್ಮ ಕೋರ್ಟಿಗೆ ಯಾಕೆ ಹೋಗಬೇಕು? ಮಕ್ಕಳೆಲ್ಲ ಒಪ್ಪಿದ್ರೆ ನಾನೂ ಬೇಡ ಅಂತಿದ್ದೆ. ಉಯಿಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಮಕ್ಕಳ ಒಪ್ಪಿಗೆಯ ಅಫಿಡವಿಟ್ ಕೊಟ್ಟು ಖಾತೆ ಬದಲಾಯಿಸಿದ್ರೆ ಮುಗೀತು. ಇಲ್ಲಿ ಅಣ್ಣ ಒಪ್ಪುತ್ತಿಲ್ಲ. ಜೊತೆಗೆ ಒಂದು ಗಡಿಯಾರ ಓಡ್ತಿದೆ, ಅದು ಸಾಕ್ಷಿಗಳ ವಯಸ್ಸು. ಅಪ್ಪನ ಗೆಳೆಯರೇ ಸಾಕ್ಷಿ ಹಾಕಿದ್ರೆ ಅವರೂ ಅಪ್ಪನ ವಯಸ್ಸಿನವರೇ ಇರ್ತಾರೆ. ಉಯಿಲು ರುಜುವಾತು ಮಾಡೋಕೆ ಇಬ್ಬರಲ್ಲಿ ಒಬ್ಬರಾದ್ರೂ ಕೋರ್ಟಿನಲ್ಲಿ, ನನ್ನ ಕಣ್ಣೆದುರೇ ಅವರು ಸಹಿ ಹಾಕಿದ್ರು ಅಂತ ಹೇಳಬೇಕು. ಇಬ್ಬರೂ ತೀರಿಕೊಂಡ ಮೇಲೆ ಕೈಬರಹ, ಸಹಿ ಹೋಲಿಕೆ ಅಂತ ಸುತ್ತುದಾರಿ ಹಿಡಿಯಬೇಕಾಗುತ್ತೆ. ಜಗಳ ಇರೋ ಉಯಿಲಿಗೆ ಸಾಕ್ಷಿಗಳು ಇರುವಾಗಲೇ ಕೋರ್ಟಿಗೆ ಹೋಗೋದು ಒಳ್ಳೇದು ಅಂತ ನಾನು ಹೇಳೋದು ಇದಕ್ಕೇ.

ಹೋಗೋದು ಎಲ್ಲಿಗೆ? ಮೈಸೂರಿನ ಮನೆಗೆ ಮೈಸೂರಿನ ಜಿಲ್ಲಾ ನ್ಯಾಯಾಲಯ. ಬೆಂಗಳೂರು ನಗರವಾದ್ರೆ ಸಿಟಿ ಸಿವಿಲ್ ಕೋರ್ಟ್. ಉಯಿಲನ್ನ ಮತ್ತೊಮ್ಮೆ ಓದಿ ನೋಡಿ. ಇದನ್ನ ಜಾರಿಗೆ ತರೋ ಹೊಣೆ ಇಂಥವರದ್ದು ಅಂತ ಅಪ್ಪ ಯಾರನ್ನಾದ್ರೂ ಹೆಸರಿಸಿದ್ದಾರಾ? ಅವರು ಎಕ್ಸಿಕ್ಯೂಟರ್. ಪ್ರೊಬೇಟ್ ಅನ್ನೋದು ಸಿಗೋದು ಅವರಿಗೆ ಮಾತ್ರ. ಯಾರನ್ನೂ ಹೆಸರಿಸಿಲ್ಲ ಅಂದ್ರೆ ಆಸ್ತಿ ಪಡೆಯೋ ಅಮ್ಮನೇ ಅರ್ಜಿ ಹಾಕಬಹುದು. ಆಗ ಸಿಗೋ ಆದೇಶಕ್ಕೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಅಂತ ಹೆಸರು, ಉಯಿಲು ಅದಕ್ಕೆ ಲಗತ್ತಾಗಿರುತ್ತೆ. ಇದನ್ನ ಸಕ್ಸೆಶನ್ ಸರ್ಟಿಫಿಕೇಟ್ ಜೊತೆ ಕಲೆಸಿಕೊಳ್ಳಬೇಡಿ. ಅದು ಬ್ಯಾಂಕ್ ಹಣ, ಷೇರು, ಬರಬೇಕಾದ ಸಾಲ ಇಂಥದ್ದಕ್ಕೆ. ಮನೆ, ಸೈಟಿಗೆ ಅದು ನಡೆಯಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಅಲೆದು, ಕೊನೆಗೆ ತಪ್ಪು ಕಾಗದ ಹಿಡ್ಕೊಂಡು ನಿಲ್ಲೋರು ಇದ್ದಾರೆ.

ಅರ್ಜಿ ಜೊತೆ ಮೂಲ ಉಯಿಲು, ಮರಣ ಪ್ರಮಾಣಪತ್ರ, ಹತ್ತಿರದ ಸಂಬಂಧಿಕರ ಪಟ್ಟಿ, ಆಸ್ತಿ ವಿವರ ಮತ್ತು ಬೆಲೆ ಕೊಡಬೇಕು. ಕೋರ್ಟ್ ಸಂಬಂಧಿಕರಿಗೆ ನೋಟಿಸ್ ಕಳಿಸುತ್ತೆ, ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸುತ್ತೆ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತಲ್ಲ, ಅದೇ. ಯಾರೂ ತಕರಾರು ಮಾಡದಿದ್ರೆ ಸಾಕ್ಷಿ ಹೇಳಿಕೆ, ಕೋರ್ಟ್ ಶುಲ್ಕ, ಆದೇಶ. ಶುಲ್ಕ ಆಸ್ತಿ ಬೆಲೆಯ ಮೇಲೆ ನಿಂತಿರೋದ್ರಿಂದ ವಕೀಲರ ಹತ್ರ ಮೊದಲೇ ಲೆಕ್ಕ ಹಾಕಿಸಿ. ಅಣ್ಣ ಬಂದು ನಾನು ಒಪ್ಪಲ್ಲ ಅಂದ್ರೆ ಅರ್ಜಿ ದಾವೆಯ ರೂಪ ತಾಳುತ್ತೆ. ಆಮೇಲೆ ವರ್ಷಗಳೇ ಹಿಡಿಯಬಹುದು. ಇದನ್ನ ಮುಚ್ಚಿಟ್ಟು ಧೈರ್ಯ ಹೇಳೋದು ಸರಿಯಲ್ಲ.

ಅಣ್ಣ ಏನು ವಾದ ಮಾಡಬಹುದು? ಅಪ್ಪನಿಗೆ ಆಗ ಅರಿವು ಇರಲಿಲ್ಲ, ಯಾರೋ ಬರೆಸ್ಕೊಂಡಿದ್ದಾರೆ ಅಂತ. ಈ ವಿಷಯದಲ್ಲಿ ಇಡೀ ದೇಶದ ಕೋರ್ಟುಗಳು ಇವತ್ತಿಗೂ ಎತ್ತಿ ಹೇಳೋ ತೀರ್ಪು ನಮ್ಮ ಮೈಸೂರು ರಾಜ್ಯದಿಂದಲೇ ಹೋದದ್ದು: ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣ, 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು. ಅಲ್ಲಿ ಉಯಿಲು ಹಿಡಿದು ಕೋರ್ಟಿಗೆ ಬಂದವರೇ ಅದನ್ನ ಬರೆಸೋದ್ರಲ್ಲಿ ಮುಂದಿದ್ದರು, ಅವರ ಮಕ್ಕಳಿಗೇ ಅದರಲ್ಲಿ ದೊಡ್ಡ ಲಾಭವಿತ್ತು. ಇಂಥ ಅನುಮಾನಗಳಿದ್ದಾಗ ಸಹಿ ಸರಿಯಿದೆ ಅಂದ್ರೆ ಸಾಲದು, ಅನುಮಾನವನ್ನೂ ನಿವಾರಿಸಬೇಕು ಅಂತ ಕೋರ್ಟ್ ಹೇಳಿತು. ಆ ಉಯಿಲು ನಿಲ್ಲಲಿಲ್ಲ.

ನಮ್ಮ ಕೇಳುಗರ ಮನೆಯಲ್ಲಿ ಪರಿಸ್ಥಿತಿ ಅಷ್ಟು ಕಷ್ಟದ್ದಲ್ಲ. ಗಂಡ ಹೆಂಡತಿಗೆ ಮನೆ ಬಿಟ್ಟುಹೋಗೋದು ಯಾರಿಗೂ ವಿಚಿತ್ರ ಅನ್ನಿಸಲ್ಲ. ಆದ್ರೂ ಅಪ್ಪ ಆ ದಿನಗಳಲ್ಲಿ ಬ್ಯಾಂಕಿಗೆ ಹೋಗಿ ಸಹಿ ಮಾಡಿದ್ದು, ಡಾಕ್ಟರ್ ಚೀಟಿ, ಅವರೇ ಬರೆದ ಪತ್ರ, ಏನಿದ್ರೂ ಎತ್ತಿಡಿ. ಕ್ರಯಪತ್ರದಲ್ಲಿ ಹೆಸರು 'ಶಿವಣ್ಣ', ಮರಣ ಪ್ರಮಾಣಪತ್ರದಲ್ಲಿ 'ಶಿವಪ್ಪ' ಅಂತೇನಾದ್ರೂ ಇದೆಯಾ ಅಂತಲೂ ನೋಡಿ. ನಮ್ಮ ಕಡೆ ಇನಿಷಿಯಲ್ ಗೊಂದಲ ಕೇಳೋದೇ ಬೇಡ. ಇಂಥ ಒಂದಕ್ಷರಕ್ಕೆ ಫೈಲುಗಳು ನಿಂತುಬಿಡ್ತವೆ.

ಇನ್ನು, ಉಯಿಲು ಬಿದ್ದುಹೋಯ್ತು ಅಂತಲೇ ಇಟ್ಕೊಳ್ಳಿ. ಆಗಲೂ ಮನೆ ಅಣ್ಣನದ್ದಾಗಲ್ಲ! 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಅಣ್ಣ, ತಂಗಿ ಮೂವರಿಗೂ ಸಮಪಾಲು. ಅಪ್ಪನ ತಾಯಿ, ಅಂದ್ರೆ ಅಜ್ಜಿ ಇದ್ದರೆ ಅವರಿಗೂ ಅಷ್ಟೇ ಪಾಲು, ಆಗ ನಾಲ್ಕು. ಅಜ್ಜಿಯನ್ನ ವಂಶವೃಕ್ಷದಲ್ಲಿ ಬಿಟ್ಟು ಬರೆಸೋದು ನಮ್ಮಲ್ಲಿ ಮಾಮೂಲಾಗಿ ಆಗೋ ತಪ್ಪು. ಅಣ್ಣ ಇಡೀ ಮನೆ ಮಾರಿದ್ರೂ ಕೊಂಡವರಿಗೆ ಸಿಗೋದು ಅವನ ಪಾಲು ಮಾತ್ರ. ಉಯಿಲು ನಿಂತರೆ ಅದೂ ಇಲ್ಲ. ಈ ಲೆಕ್ಕವನ್ನ ಅಣ್ಣನ ಮುಂದೆ ಯಾರಾದ್ರೂ ಹಿರಿಯರು ಕೂತು ಹೇಳಿದ್ರೆ ಎಷ್ಟೋ ಸಲ ಕೋರ್ಟ್ ತನಕ ಹೋಗೋದೇ ಬೇಕಾಗಲ್ಲ. ಅವರು ಒಪ್ಪಿದ್ರೆ ಅಮ್ಮನ ಹೆಸರಿಗೆ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿ, ಅದನ್ನ ಮಾತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಮನೆಯಲ್ಲೇ ಬಾಂಡ್ ಪೇಪರ್ ಮೇಲೆ ಬರ್ಕೊಂಡ್ರೆ ನಡೆಯಲ್ಲ.

ಕೊನೆಗೆ ಅವರೇ ಕೇಳಿದ ಇನ್ನೊಂದು ಸಣ್ಣ ಪ್ರಶ್ನೆ: "ಮೂಲ ಉಯಿಲು ಅಣ್ಣ ನೋಡೋಕೆ ಕೊಡು ಅಂತಿದ್ದಾನೆ, ಕೊಡಲಾ?" ಜೆರಾಕ್ಸ್ ಕೊಡಿ. ಮೂಲ ಪತ್ರವನ್ನ ಇವತ್ತೇ ಎರಡೂ ಬದಿ ಸ್ಕ್ಯಾನ್ ಮಾಡಿ, ಬ್ಯಾಂಕ್ ಲಾಕರ್‌ನಲ್ಲೋ ವಕೀಲರ ಹತ್ರ ರಸೀದಿ ತಗೊಂಡೋ ಇಡಿ. ನೋಂದಣಿ ಆಗದ ಉಯಿಲಿಗೆ ಸರ್ಕಾರಿ ಕಚೇರಿಯಲ್ಲಿ ಇನ್ನೊಂದು ಪ್ರತಿ ಇರೋದಿಲ್ಲ.

ಈ ವಾರಕ್ಕೆ ಇಷ್ಟು. ನಿಮ್ಮ ಪ್ರಶ್ನೆಯನ್ನೂ ವಾಯ್ಸ್ ನೋಟ್ ಮಾಡಿ ಕಳಿಸಿ, ಒಂದು ನಿಮಿಷದೊಳಗೆ ಇರಲಿ.